ಡಿಶ್ ಆಂಟೆನಾದಿಂದ ಸಿಗ್ನಲ್ ಸರಿಯಾಗಿ ಬರುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರ ಚೌಕ ಚೌಕವಾಗಿ ಒಡೆಯಿತು, ಧ್ವನಿ ಕಡಿದು ಕಡಿದು ಬಂತು ಎಂದರೆ ಬಹಳಷ್ಟು ಮಂದಿ ನೇರವಾಗಿ ಮಹಡಿ ಹತ್ತಿ ಡಿಶ್ ಅಲುಗಿಸುತ್ತಾರೆ. ಅದು ಕೊಟ್ಟಕೊನೆಗೆ ಮಾಡಬೇಕಾದ ಕೆಲಸ. ವರ್ಷಗಟ್ಟಲೆ ಸರಿಯಾಗಿ ನಡೆದ ಡಿಶ್ ತಾನಾಗಿ ದಿಕ್ಕು ಬದಲಿಸುವುದು ಕಡಿಮೆ. ಕನೆಕ್ಟರ್‌ಗೆ ನೀರು ಇಳಿಯುವುದು, ಕೇಬಲ್ ಹಾಳಾಗುವುದೇ ಹೆಚ್ಚು. ಸರಿ ಇದ್ದ ಡಿಶ್ ಅಲುಗಿಸಿದರೆ ಒಂದು ದೋಷ ಹುಡುಕುವ ಕಡೆ ಎರಡು ಹುಡುಕಬೇಕಾಗುತ್ತದೆ. ಆದ್ದರಿಂದ ಇಲ್ಲಿನ ಪ್ರಶ್ನೆಗಳು ಟಿವಿ ಮುಂದಿನಿಂದ ಶುರುವಾಗಿ ನಿಧಾನವಾಗಿ ಮಹಡಿ ಕಡೆಗೆ ಹೋಗುತ್ತವೆ.

ಟಿವಿಯಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರುತ್ತಿದೆ. ಮೊದಲು ಏನು ನೋಡಲಿ?

ಆ ಮಾತು ಹೇಳುತ್ತಿರುವುದು ಟಿವಿಯೋ ಸೆಟ್ ಟಾಪ್ ಬಾಕ್ಸೋ ಎಂದು ನೋಡಿ. ಬಾಕ್ಸಿನ ರಿಮೋಟ್‌ನಲ್ಲಿ ಮೆನು ಒತ್ತಿ. ಮೆನು ಪರದೆ ಮೇಲೆ ಬಂದರೆ ಬಾಕ್ಸ್‌ನಿಂದ ಟಿವಿಯವರೆಗಿನ ದಾರಿ ಸರಿ ಇದೆ, ದೋಷ ಇರುವುದು ಡಿಶ್ ಕಡೆಗೆ. ಮೆನುವೇ ಬರದಿದ್ದರೆ ಎಚ್‌ಡಿಎಂಐ ಕೇಬಲ್ ಸಡಿಲವಾಗಿರಬೇಕು, ಟಿವಿಯ ಇನ್‌ಪುಟ್ ಬದಲಾಗಿರಬೇಕು, ಇಲ್ಲವೇ ಬಾಕ್ಸ್ ಆನ್ ಆಗಿಲ್ಲ. ಇವಕ್ಕೂ ಡಿಶ್‌ಗೂ ಸಂಬಂಧವಿಲ್ಲ.

ಈ ಚಾನೆಲ್‌ಗೆ ಚಂದಾ ಇಲ್ಲ ಎಂಬಂಥ ಸಂದೇಶ ಬಂದರೆ ಸಿಗ್ನಲ್ ಚೆನ್ನಾಗಿಯೇ ಬರುತ್ತಿದೆ ಎಂದು ತಿಳಿಯಿರಿ. ಆ ಸಂದೇಶ ತೋರಿಸುವ ಹಂತಕ್ಕೆ ಬಾಕ್ಸ್ ಬಂದಿದೆ ಎಂದರೆ ಅದು ಉಪಗ್ರಹದ ಮಾಹಿತಿ ಓದಿದೆ.

ಒಮ್ಮೆ ಗೋಡೆಯ ಸ್ವಿಚ್ಚಿನಲ್ಲೇ ಬಾಕ್ಸ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಬಾಕ್ಸ್ ಮಲಗುತ್ತದೆ ಅಷ್ಟೇ, ಹೊಸದಾಗಿ ಶುರುವಾಗುವುದಿಲ್ಲ.

ಮೆನುವಿನಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿಗಳಿವೆ. ಯಾವುದನ್ನು ನಂಬಬೇಕು?

ಕ್ವಾಲಿಟಿಯನ್ನು. ಸ್ಟ್ರೆಂತ್ ಎಂದರೆ ಕೇಬಲ್‌ನಲ್ಲಿ ಬಂದು ತಲುಪುತ್ತಿರುವ ಒಟ್ಟು ಶಕ್ತಿ. ಅದರಲ್ಲಿ ಬೇಕಾದ ಸಿಗ್ನಲ್ಲೂ ಸೇರಿದೆ, ಬೇಡದ ಗದ್ದಲವೂ ಸೇರಿದೆ. ಡಿಶ್‌ನ ಮುಂದಿನ ತೋಳಿನ ತುದಿಯಲ್ಲಿರುವ ಎಲ್‌ಎನ್‌ಬಿ ತನಗೆ ಸಿಕ್ಕಿದ್ದನ್ನೆಲ್ಲ 50ರಿಂದ 60 ಡೆಸಿಬೆಲ್‌ನಷ್ಟು (ಡೆಸಿಬೆಲ್ ಎಂದರೆ ಸಿಗ್ನಲ್ ಎಷ್ಟು ಏರಿತು, ಇಳಿಯಿತು ಎಂದು ಹೇಳುವ ಅಳತೆ) ಹೆಚ್ಚಿಸಿ ಕೆಳಗೆ ಕಳಿಸುತ್ತದೆ. ಹಾಗಾಗಿ ಡಿಶ್ ಬರೀ ಆಕಾಶ ನೋಡುತ್ತಿದ್ದರೂ ಸ್ಟ್ರೆಂತ್ ಪಟ್ಟಿ ಅರ್ಧಕ್ಕಿಂತ ಮೇಲೆ ನಿಂತಿರಬಹುದು. ಆ ಗದ್ದಲಕ್ಕಿಂತ ನಮಗೆ ಬೇಕಾದ ಸಿಗ್ನಲ್ ಎಷ್ಟು ಮೇಲಿದೆ ಎಂಬುದನ್ನು ಹೇಳುವುದು ಕ್ವಾಲಿಟಿ. ಚಿತ್ರ ಬರುವುದು ಬಿಡುವುದು ಅದರ ಕೈಯಲ್ಲಿದೆ.

ಎರಡನ್ನೂ ಜೊತೆಗಿಟ್ಟು ಓದಿದರೆ ದೋಷದ ಜಾಗ ಬಹುಪಾಲು ಗೊತ್ತಾಗುತ್ತದೆ:

- ಎರಡೂ ಸೊನ್ನೆ: ಎಲ್‌ಎನ್‌ಬಿ ಕೆಲಸ ಮಾಡುತ್ತಿಲ್ಲ. ಕೇಬಲ್ ತುಂಡಾಗಿದೆ, ಕನೆಕ್ಟರ್ ಒಳಗೆ ಶಾರ್ಟ್ ಆಗಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ.
- ಸ್ಟ್ರೆಂತ್ ಚೆನ್ನಾಗಿದೆ, ಕ್ವಾಲಿಟಿ ಸೊನ್ನೆ: ಎಲ್‌ಎನ್‌ಬಿ ಜೀವಂತ ಇದೆ, ಆದರೆ ಡಿಶ್ ಬೇರೆಲ್ಲೋ ನೋಡುತ್ತಿದೆ, ಎದುರಿಗೆ ಏನೋ ಅಡ್ಡ ಬಂದಿದೆ ಅಥವಾ ಬಾಕ್ಸಿನ ಸೆಟ್ಟಿಂಗ್ ತಪ್ಪಿದೆ.
- ಸ್ಟ್ರೆಂತ್ ಸ್ಥಿರ, ಕ್ವಾಲಿಟಿ ಏರಿಳಿತ: ಡಿಶ್ ಸ್ವಲ್ಪ ಸರಿದಿದೆ, ಗಾಳಿಗೆ ಅಲುಗುತ್ತಿದೆ ಅಥವಾ ಮರದ ರೆಂಬೆ ಆಡುತ್ತಿದೆ.
- ಎರಡೂ ಒಟ್ಟಿಗೆ ಧಡಕ್ಕನೆ ಬಿದ್ದು ಏಳುತ್ತಿವೆ: ಸಡಿಲ ಕನೆಕ್ಟರ್. ಬೇರೇನೂ ಯೋಚಿಸುವ ಮುನ್ನ ಇದನ್ನು ನೋಡಿ.
- ಸ್ಟ್ರೆಂತ್ ಕಡಿಮೆ, ಕ್ವಾಲಿಟಿ ಚೆನ್ನಾಗಿದೆ: ಕೇಬಲ್ ಉದ್ದ ಇದೆ ಅಷ್ಟೇ. ಚಿತ್ರ ಸರಿ ಬರುತ್ತಿದ್ದರೆ ಕೈ ಹಾಕಬೇಡಿ.

ಶೇಕಡಾವಾರು ಅಂಕಿ ಬಾಕ್ಸ್‌ನಿಂದ ಬಾಕ್ಸ್‌ಗೆ ಬೇರೆಯಾಗುತ್ತದೆ. ಪಕ್ಕದ ಮನೆಯ 90ಕ್ಕೂ ನಿಮ್ಮ ಮನೆಯ 70ಕ್ಕೂ ಹೋಲಿಕೆ ಇಲ್ಲ. ಎಲ್ಲ ಸರಿ ಇರುವ ಬಿಸಿಲಿನ ದಿನ ನಾಲ್ಕೈದು ಚಾನೆಲ್‌ಗಳ ಕ್ವಾಲಿಟಿ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಬಾಕ್ಸಿನ ತಳಕ್ಕೆ ಅಂಟಿಸಿಡಿ. ಮುಂದೆ ತೊಂದರೆ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಬೇರೆ ಇಲ್ಲ.

ಕೆಲವು ಚಾನೆಲ್ ಬರುತ್ತವೆ, ಕೆಲವು ಬರುವುದೇ ಇಲ್ಲ. ಡಿಶ್ ತಿರುಗಿಸಬೇಕೇ?

ತಾಳಿ. ಯಾವ ಚಾನೆಲ್ ಹೋಗಿವೆ ಎಂಬುದರಲ್ಲೇ ಉತ್ತರ ಇರುತ್ತದೆ. ಹೋದ ಚಾನೆಲ್‌ಗಳ ಫ್ರೀಕ್ವೆನ್ಸಿಯನ್ನೂ ಅದರ ಪಕ್ಕದಲ್ಲಿರುವ ವಿ ಅಥವಾ ಎಚ್ ಅಕ್ಷರವನ್ನೂ ಬಾಕ್ಸಿನ ಮೆನುವಿನಲ್ಲಿ ನೋಡಿ ಬರೆದುಕೊಳ್ಳಿ.

ಉಪಗ್ರಹ ತನ್ನ ತರಂಗಗಳನ್ನು ಲಂಬ, ಅಡ್ಡ ಎಂದು ಎರಡು ಬಗೆಯಲ್ಲಿ ಕಳಿಸುತ್ತದೆ. ಯಾವುದು ಬೇಕೆಂದು ಬಾಕ್ಸ್ ಎಲ್‌ಎನ್‌ಬಿಗೆ ತಿಳಿಸುವುದು ಅದೇ ಕೇಬಲ್‌ನಲ್ಲಿ ಕಳಿಸುವ ವೋಲ್ಟೇಜ್‌ನಿಂದ: 13 ವೋಲ್ಟ್ ಕೊಟ್ಟರೆ ಲಂಬ, 18 ವೋಲ್ಟ್ ಕೊಟ್ಟರೆ ಅಡ್ಡ. ಎಚ್ ಚಾನೆಲ್‌ಗಳೆಲ್ಲ ಒಟ್ಟಿಗೆ ಹೋಗಿ ವಿ ಚಾನೆಲ್‌ಗಳು ಉಳಿದಿದ್ದರೆ 18 ವೋಲ್ಟ್ ಮೇಲೆ ತಲುಪುತ್ತಿಲ್ಲ ಎಂದರ್ಥ. ತುಕ್ಕು ಹಿಡಿದ ಕನೆಕ್ಟರ್, ತುಂಬ ಉದ್ದದ ಅಗ್ಗದ ಕೇಬಲ್, ಬಾಕ್ಸಿನ ಬಳಲಿದ ಅಡಾಪ್ಟರ್ ಇವುಗಳಲ್ಲಿ ಒಂದು ವೋಲ್ಟೇಜ್ ತಿನ್ನುತ್ತಿರುತ್ತದೆ. ಎಲ್‌ಎನ್‌ಬಿ ಹತ್ತಿರ ಅದು ಸುಮಾರು 15 ವೋಲ್ಟ್‌ಗಿಂತ ಕೆಳಗಿಳಿದರೆ ಬಾಕ್ಸ್ ಎಚ್ ಕೇಳಿದರೂ ಎಲ್‌ಎನ್‌ಬಿ ವಿ ಕೊಡುತ್ತದೆ. ಡಿಶ್ ತಿರುಗಿಸಿ ಇದು ಸರಿಹೋಗುವುದಿಲ್ಲ.

ಇನ್ನೊಂದು ಬಗೆ ಇದೆ. ಯುನಿವರ್ಸಲ್ ಎಲ್‌ಎನ್‌ಬಿ 10.7ರಿಂದ 12.75 ಗಿಗಾಹರ್ಟ್ಸ್‌ವರೆಗಿನ ಕೆಯು ಬ್ಯಾಂಡನ್ನು ಎರಡು ಪಾಲು ಮಾಡುತ್ತದೆ. 11.7ಕ್ಕಿಂತ ಕೆಳಗಿನದಕ್ಕೆ 9,750 ಮೆಗಾಹರ್ಟ್ಸ್ ಕಳೆಯುತ್ತದೆ, ಮೇಲಿನದಕ್ಕೆ 10,600 ಕಳೆಯುತ್ತದೆ. ಉಳಿದದ್ದು ಕೇಬಲ್‌ನಲ್ಲಿ ಬರುತ್ತದೆ. ಮೇಲಿನ ಪಾಲು ಬೇಕಾದಾಗ ಬಾಕ್ಸ್ ವೋಲ್ಟೇಜ್ ಜೊತೆಗೆ 22 ಕಿಲೋಹರ್ಟ್ಸ್‌ನ ಸಣ್ಣ ಟೋನ್ ಕಳಿಸುತ್ತದೆ. ಉದಾಹರಣೆಗೆ 12,400ರ ಚಾನೆಲ್ ಕೇಬಲ್‌ನಲ್ಲಿ 1,800 ಆಗಿ ಇಳಿಯಬೇಕು. ಟೋನ್ ತಲುಪದಿದ್ದರೆ ಎಲ್‌ಎನ್‌ಬಿ 9,750 ಕಳೆದು 2,650 ಕೊಡುತ್ತದೆ. ಬಾಕ್ಸ್ ಓದಬಲ್ಲದ್ದು 950ರಿಂದ 2,150ರವರೆಗೆ ಮಾತ್ರ, ಹಾಗಾಗಿ ಆ ಚಾನೆಲ್ ಅದಕ್ಕೆ ಇಲ್ಲದಂತೆಯೇ. 11,700ಕ್ಕಿಂತ ಮೇಲಿನ ಚಾನೆಲ್‌ಗಳೆಲ್ಲ ಮಾಯವಾಗಿ ಕೆಳಗಿನವು ಚೆನ್ನಾಗಿದ್ದರೆ ಮೆನುವಿನ ಎಲ್‌ಎನ್‌ಬಿ ಪುಟಕ್ಕೆ ಹೋಗಿ. ಅಲ್ಲಿ ಎಲ್‌ಎನ್‌ಬಿ ಬಗೆ ನಿಮ್ಮ ಎಲ್‌ಎನ್‌ಬಿಯ ಮೇಲೆ ಅಚ್ಚಾಗಿರುವ ಅಂಕಿಗೆ ಹೊಂದಬೇಕು. ಒಂದೇ ಅಂಕಿ ಅಚ್ಚಾಗಿದ್ದರೆ ಅದು ಯುನಿವರ್ಸಲ್ ಅಲ್ಲ, ಮೆನುವಿನಲ್ಲೂ ಆ ಒಂದನ್ನೇ ಹಾಕಬೇಕು.

ಎಲ್ಲೋ ಒಂದೆರಡು ಚಾನೆಲ್ ಮಾತ್ರ ಹೋಗಿದ್ದರೆ ಅವುಗಳ ಫ್ರೀಕ್ವೆನ್ಸಿ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ಚಾನೆಲ್ ಸ್ಕ್ಯಾನ್ ಮತ್ತೆ ಮಾಡಿ.

ಎಚ್‌ಡಿ ಚಾನೆಲ್ ಮಾತ್ರ ಒಡೆಯುತ್ತವೆ, ಸಾಮಾನ್ಯ ಚಾನೆಲ್ ಚೆನ್ನಾಗಿವೆ. ಬಾಕ್ಸ್ ಕೆಟ್ಟಿದೆಯೇ?

ಅಲ್ಲದಿರಬಹುದು. ಉಪಗ್ರಹ ಟಿವಿಯ ಡಿವಿಬಿ-ಎಸ್2 ಎಂಬ ಪ್ರಸಾರ ಪದ್ಧತಿಯಲ್ಲಿ, ಮಾಹಿತಿಯನ್ನು ಒತ್ತೊತ್ತಾಗಿ ತುಂಬುವ 8ಪಿಎಸ್‌ಕೆ, 3/4 ಎಂಬ ವಿಧಾನದಲ್ಲಿ ಬರುವ ಸಿಗ್ನಲ್ ಗದ್ದಲಕ್ಕಿಂತ ಸುಮಾರು 8 ಡೆಸಿಬೆಲ್ ಮೇಲಿರಬೇಕು. ಅಷ್ಟು ಒತ್ತಾಗಿ ತುಂಬದ ಕ್ಯೂಪಿಎಸ್‌ಕೆ, 3/4 ಆದರೆ 4 ಡೆಸಿಬೆಲ್ ಸಾಕು. ಎಚ್‌ಡಿ ಚಾನೆಲ್‌ಗಳು ಹೆಚ್ಚಾಗಿ ಮೊದಲನೆಯ ಬಗೆಯವು. ಡಿಶ್ ಒಂದಿಷ್ಟು ಸರಿದಾಗ ಮೊದಲು ಹೋಗುವುದು ಅವೇ. ಇನ್ನೂ ಒಂದು ಮಾತು: ಡಿಜಿಟಲ್‌ನಲ್ಲಿ ಚಿತ್ರ ನಿಧಾನವಾಗಿ ಮಸುಕಾಗುವುದಿಲ್ಲ. ಗೆರೆ ದಾಟುವವರೆಗೆ ಪೂರ್ತಿ ಸ್ವಚ್ಛ, ದಾಟಿದ ಮೇಲೆ ಒಡೆದ ಚೌಕಗಳು, ಆಮೇಲೆ ಕಪ್ಪು. ಈಗ ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಡಿಶ್ ಸರಿಯಾಗಿ ಕೂತಿದೆ ಎಂದಾಗುವುದಿಲ್ಲ.

ಮಳೆ ಬಂದರೆ ಚಿತ್ರ ಹೋಗುತ್ತದೆ. ಇದಕ್ಕೆ ಪರಿಹಾರ ಇದೆಯೇ?

ಪೂರ್ತಿ ಇಲ್ಲ, ಅರ್ಧ ಇದೆ. ಕೆಯು ಬ್ಯಾಂಡಿನ ತರಂಗದ ಉದ್ದ ಸುಮಾರು 2.5 ಸೆಂ.ಮೀ. ದಪ್ಪ ಮಳೆಹನಿಗಳು ಅದನ್ನು ಹೀರಿ ಚದುರಿಸುತ್ತವೆ, ಜೊತೆಗೆ ತಮ್ಮದೇ ಗದ್ದಲವನ್ನೂ ಸೇರಿಸುತ್ತವೆ. ಧಾರಾಕಾರ ಮಳೆಯಲ್ಲಿ 10 ಡೆಸಿಬೆಲ್‌ಗಿಂತ ಹೆಚ್ಚು ನಷ್ಟವಾಗುವುದುಂಟು. ಅಷ್ಟನ್ನು ತಡೆದುಕೊಳ್ಳುವ ಮನೆ ಡಿಶ್ ಇಲ್ಲ. 4 ಗಿಗಾಹರ್ಟ್ಸ್ ಆಸುಪಾಸಿನ ಸಿ ಬ್ಯಾಂಡಿಗೆ ಈ ಕಾಟ ಬಹಳ ಕಡಿಮೆ, ಆದರೆ ಅದಕ್ಕೆ ದೊಡ್ಡ ಡಿಶ್ ಬೇಕು.

ಆದರೆ ‘ಮಳೆಗೆ ಹೋಗುತ್ತದೆ’ ಎನ್ನುವ ದೂರಿನೊಳಗೆ ಮೂರು ಬೇರೆ ಬೇರೆ ದೋಷ ಅಡಗಿರುತ್ತವೆ. ಜೋರು ಮಳೆಯಲ್ಲಿ ಹತ್ತಿಪ್ಪತ್ತು ನಿಮಿಷ ಹೋಗಿ, ಮಳೆ ತಗ್ಗಿದ ಕೂಡಲೇ ಬಂದರೆ ಅದು ಸಹಜ. ತುಂತುರು ಹನಿಗೇ, ಬರೀ ಮೋಡಕ್ಕೇ ಹೋದರೆ ಡಿಶ್ ಸರಿಯಾಗಿ ಕೂತಿಲ್ಲ. ಬಿಸಿಲಿನಲ್ಲೇ ಗೆರೆಯ ಅಂಚಿನಲ್ಲಿ ನಿಂತಿದೆ. ಮಳೆ ನಿಂತು ಗಂಟೆಗಟ್ಟಲೆ ಆದರೂ ಬರದೆ, ಬಿಸಿಲು ಬಿದ್ದು ಒಣಗಿದ ಮೇಲೆ ಬಂದರೆ ಕನೆಕ್ಟರ್‌ಗೋ ಎಲ್‌ಎನ್‌ಬಿಗೋ ನೀರು ಇಳಿದಿದೆ. ಎರಡನೆಯದೂ ಮೂರನೆಯದೂ ರಿಪೇರಿ ಆಗುವಂಥವು. ‘ಮಳೆಗಾಲದಲ್ಲಿ ಹೀಗೇ’ ಎಂದು ಯಾರಾದರೂ ಹೇಳಿ ಕಳಿಸಿದರೆ ಒಪ್ಪಬೇಡಿ.

ಡಿಶ್ ದೊಡ್ಡದು ಮಾಡಿದರೆ ತುಸು ಲಾಭವಿದೆ. 60 ಸೆಂ.ಮೀ. ಬದಲು 75 ಹಾಕಿದರೆ ಸುಮಾರು 2 ಡೆಸಿಬೆಲ್, 90 ಹಾಕಿದರೆ 3.5 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಚಿತ್ರ ಹೋಗುವುದು ನಿಲ್ಲುವುದಿಲ್ಲ, ತಡವಾಗಿ ಹೋಗಿ ಬೇಗ ಬರುತ್ತದೆ.

ನಿಮ್ಮ ಮನೆ ಮೇಲೆ ಮೋಡವೇ ಇಲ್ಲದಿದ್ದರೂ ಡಿಶ್ ನೋಡುವ ದಿಕ್ಕಿನಲ್ಲಿ ಕೆಲವು ಕಿಲೋಮೀಟರ್ ಆಚೆ ಮಳೆ ಸುರಿಯುತ್ತಿರಬಹುದು. ಪ್ರಸಾರಕರು ಉಪಗ್ರಹಕ್ಕೆ ಕಳಿಸುವ ಕೇಂದ್ರದಲ್ಲಿ ಮಳೆ ಜೋರಾಗಿದ್ದರೂ ಎಲ್ಲರ ಮನೆಯಲ್ಲೂ ಒಟ್ಟಿಗೆ ಹೋಗುತ್ತದೆ. ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸಿದರೆ ಮಹಡಿ ಹತ್ತುವ ಶ್ರಮ ಉಳಿಯುತ್ತದೆ.

ಕನೆಕ್ಟರ್‌ನಲ್ಲಿ ಏನು ನೋಡಬೇಕು? ಹೊಸದು ಹಾಕುವುದು ಹೇಗೆ?

ಮೊದಲು ಬಾಕ್ಸಿನ ಪ್ಲಗ್ ಕಿತ್ತಿಡಿ. ಕರೆಂಟ್ ಇರುವಾಗ ಕೇಬಲ್ ಬಿಚ್ಚಿದರೆ ನಡುವಿನ ತಂತಿ ಹೊರಕವಚಕ್ಕೆ ತಗುಲಿ ಶಾರ್ಟ್ ಆಗಬಹುದು.

ಎಲ್‌ಎನ್‌ಬಿ ಕಡೆಯ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಡುವಿನ ತಂತಿ ಹೊಳೆಯುವ ತಾಮ್ರದ ಬಣ್ಣದಲ್ಲಿರಬೇಕು. ಕಪ್ಪಾಗಿದ್ದರೆ, ಹಸಿರು ಪುಡಿ ಕೂತಿದ್ದರೆ, ತಂತಿಯ ಸುತ್ತಲಿನ ಬಿಳಿ ನೊರೆ (ಫೋಮ್) ಕಂದು ಬಣ್ಣಕ್ಕೆ ತಿರುಗಿದ್ದರೆ ನೀರು ಇಳಿದಿದೆ. ಕೆರೆದು ಮತ್ತೆ ಹಾಕಿದರೆ ನಾಲ್ಕು ದಿನ ನಡೆಯುತ್ತದೆ, ಅಷ್ಟೇ. ನೀರು ಹೊರಕವಚದ ಕೆಳಗಿರುವ ಸಣ್ಣ ಎಳೆಗಳ ಜಾಲರಿಯ ಗುಂಟ ಒಳಕ್ಕೆ ಹೀರಿಕೊಂಡು ಹೋಗಿರುತ್ತದೆ. ಸ್ವಚ್ಛ ತಾಮ್ರ ಕಾಣುವವರೆಗೆ, ಬೇಕಾದರೆ ಒಂದು ಮೀಟರ್ ಹೋದರೂ ಸರಿ, ಕೇಬಲ್ ಕತ್ತರಿಸಿ ಬಿಸಾಡಿ.

ಆರ್‌ಜಿ-6 ಕೇಬಲ್‌ಗೆ (ಡಿಶ್‌ಗೆ ಬಳಸುವ ಮಾಮೂಲಿ ಕೇಬಲ್) ಹೊಸ ಎಫ್ ಕನೆಕ್ಟರ್ (ಅದರ ತುದಿಗೆ ಹಾಕುವ, ನಟ್ ಇರುವ ಕನೆಕ್ಟರ್) ಹಾಕುವಾಗ:

1. ತುದಿಯಿಂದ ಸುಮಾರು 12 ಮಿ.ಮೀ. ಹೊರಕವಚ ತೆಗೆಯಿರಿ. ಬ್ಲೇಡ್ ಒಳಗಿನ ಜಾಲರಿಗೆ ತಾಗದಿರಲಿ.
2. ಜಾಲರಿಯನ್ನು ಹಿಂದಕ್ಕೆ ಮಡಚಿ ಹೊರಕವಚದ ಮೇಲೆ ಸವರಿ. ನೊರೆಗೆ ಅಂಟಿದ ಅಲ್ಯೂಮಿನಿಯಂ ಹಾಳೆ ಹಾಗೇ ಇರಲಿ.
3. ತುದಿಯ 6 ಮಿ.ಮೀ. ನೊರೆ ತೆಗೆದು ನಡುವಿನ ತಂತಿ ಬಿಡಿಸಿ. ತಂತಿಗೆ ಗೀರು ಬಿದ್ದರೆ ಕತ್ತರಿಸಿ ಮೊದಲಿಂದ ಮಾಡಿ. ಗೀರು ಬಿದ್ದ ಕಡೆಯೇ ಅದು ಮುರಿಯುತ್ತದೆ.
4. ಕನೆಕ್ಟರ್ ಒಳಗೆ ತಳ್ಳಿ. ನೊರೆಯ ಮುಖ ಕನೆಕ್ಟರ್ ಒಳಗಿನ ತಳಕ್ಕೆ ಸಮ ಬರಬೇಕು. ತಂತಿ ನಟ್‌ನ ಅಂಚಿಗಿಂತ 2ರಿಂದ 3 ಮಿ.ಮೀ. ಹೊರಗಿದ್ದರೆ ಸಾಕು.
5. ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಿಲ್ಲವೇ ಎಂದು ಕಣ್ಣಿಟ್ಟು ನೋಡಿ. ಕೂದಲಷ್ಟು ಸಣ್ಣ ಎಳೆ ಸಾಕು, ಪೂರ್ತಿ ಶಾರ್ಟ್.

ತಿರುಗಿಸಿ ಹಾಕುವ ಬಗೆಗಿಂತ ಟೂಲ್‌ನಿಂದ ಒತ್ತಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಬಾಳಿಕೆ ಬರುತ್ತದೆ. ಹೊರಗಿನ ಕನೆಕ್ಟರ್‌ಗೆ ಸಾದಾ ಇನ್ಸುಲೇಷನ್ ಟೇಪ್ ಸುತ್ತಿದರೆ ಒಂದು ಬೇಸಿಗೆಗೆ ಅಂಟು ಬಿಡುತ್ತದೆ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ. ವಿನೆಗರ್ ವಾಸನೆಯ ಸಿಲಿಕೋನ್ ಬಳಿಯಬೇಡಿ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ಕೇಬಲ್ ಎಲ್‌ಎನ್‌ಬಿಯಿಂದ ಇಳಿಯುವಾಗಲೂ ಗೋಡೆಯ ತೂತಿಗೆ ಹೋಗುವ ಮುನ್ನವೂ ಒಂದು ಜೋಲು ಬಿಡಿ. ನೀರು ಜೋಲಿನ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ.

ಕೇಬಲ್ ಎಷ್ಟು ಉದ್ದ ಇರಬಹುದು?

30 ಮೀಟರ್‌ವರೆಗೆ ಒಳ್ಳೆಯ ಆರ್‌ಜಿ-6 ಇದ್ದರೆ ಚಿಂತೆ ಇಲ್ಲ. 100 ಮೀಟರ್‌ಗೆ ಸುಮಾರು 20 ಡೆಸಿಬೆಲ್ ನಷ್ಟವಾಗುವುದು 1,000 ಮೆಗಾಹರ್ಟ್ಸ್‌ನಲ್ಲಿ. 2,000ದ ಹತ್ತಿರ ಅದು 30ರ ಆಸುಪಾಸು. ಅಂದರೆ ಕೇಬಲ್ ಉದ್ದವಾದಷ್ಟೂ ಮೇಲಿನ ಫ್ರೀಕ್ವೆನ್ಸಿಗಳು ಮೊದಲು ಬಳಲುತ್ತವೆ. ನಡುವೆ ಜೋಡಣೆ ಬೇಡ. ಎರಡು ತುಂಡುಗಳ ತಂತಿ ಹೊಸೆದು ಟೇಪ್ ಸುತ್ತುವ ಕರೆಂಟ್ ಕೆಲಸದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಜೋಡಿಸಲೇಬೇಕಾದರೆ ಎರಡು ಎಫ್ ಕನೆಕ್ಟರ್, ನಡುವೆ ಒಂದು ಜಾಯಿಂಟರ್. ಮೂಲೆಗಳಲ್ಲಿ ಕೇಬಲ್ ಅನ್ನು 90 ಡಿಗ್ರಿಗೆ ಮುರಿದಂತೆ ಬಗ್ಗಿಸಬೇಡಿ, 6–7 ಸೆಂ.ಮೀ.ನ ಸುತ್ತು ಇರಲಿ.

ಮಲ್ಟಿಮೀಟರ್ ಇದೆ. ಕೇಬಲ್ ಪರೀಕ್ಷಿಸಬಹುದೇ?

ಎರಡೂ ತುದಿ ಬಿಚ್ಚಿ, ಓಮ್‌ನಲ್ಲಿಟ್ಟು ನಡುವಿನ ತಂತಿಗೂ ಜಾಲರಿಗೂ ಮುಟ್ಟಿಸಿ. ಏನೂ ತೋರಿಸಬಾರದು. ತೋರಿಸಿದರೆ ಒಳಗೆ ಶಾರ್ಟ್ ಅಥವಾ ನೀರು. ಆಮೇಲೆ ಆಚೆ ತುದಿಯಲ್ಲಿ ಎರಡನ್ನೂ ಕೂಡಿಸಿ ಅಳೆಯಿರಿ. ಕೆಲವೇ ಓಮ್ ಬರಬೇಕು.

ಬಾಕ್ಸ್ ಆನ್ ಮಾಡಿ ಎಲ್‌ಎನ್‌ಬಿ ತುದಿಯಲ್ಲಿ ವೋಲ್ಟೇಜ್ ನೋಡಿದಾಗ 18 ಬಂದರೆ ಕೇಬಲ್ ಸರಿ ಇದೆ ಎಂದು ಹೇಳಿಬಿಡುವವರಿದ್ದಾರೆ. ಅಲ್ಲಿ ಮೋಸ ಹೋಗಬೇಡಿ. ಎಲ್‌ಎನ್‌ಬಿ ಬಿಚ್ಚಿದ್ದಾಗ ಕರೆಂಟ್ ಹರಿಯುವುದೇ ಇಲ್ಲ, ಹಾಗಾಗಿ ತುಕ್ಕು ಹಿಡಿದ ಕೇಬಲ್ಲೂ ಪೂರ್ತಿ 18 ತೋರಿಸುತ್ತದೆ. ಎಲ್‌ಎನ್‌ಬಿ ಹಾಕಿ 100–200 ಮಿಲಿಆಂಪ್ ಎಳೆಯತೊಡಗಿದಾಗಲೇ ಅದರ ಬಣ್ಣ ಬಯಲಾಗುವುದು.

ಇದಕ್ಕಿಂತ ಖಚಿತವಾದ ಪರೀಕ್ಷೆ ಗಿಡ್ಡ ಕೇಬಲ್‌ನದು. ಬಾಕ್ಸನ್ನೂ ಒಂದು ಸಣ್ಣ ಟಿವಿಯನ್ನೂ ಡಿಶ್ ಹತ್ತಿರ ಒಯ್ದು, ಸರಿ ಇದೆ ಎಂದು ಗೊತ್ತಿರುವ 2 ಮೀಟರ್ ಕೇಬಲ್‌ನಲ್ಲಿ ನೇರ ಎಲ್‌ಎನ್‌ಬಿಗೆ ಜೋಡಿಸಿ. ಅಲ್ಲಿ ಚಿತ್ರ ಚೆನ್ನಾಗಿ ಬಂದರೆ ಹಳೆ ಕೇಬಲ್ ಅಪರಾಧಿ. ಬರದಿದ್ದರೆ ಎಲ್‌ಎನ್‌ಬಿ ಅಥವಾ ಡಿಶ್. ಹತ್ತು ನಿಮಿಷದ ಕೆಲಸ, ಊಹೆಗೆ ಜಾಗವೇ ಉಳಿಯುವುದಿಲ್ಲ.

ಡಿಶ್ ಸರಿದಿರುವುದು ಖಾತ್ರಿಯಾಗಿದೆ. ಹೇಗೆ ಕೂರಿಸಲಿ?

ಮೊದಲು ಎಷ್ಟು ನಾಜೂಕಿನ ಕೆಲಸ ಎಂದು ತಿಳಿದಿರಲಿ. ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ. 60 ಸೆಂ.ಮೀ. ಡಿಶ್ ನೋಡುವ ಕಿರಣದ ಅಗಲ ಸುಮಾರು 3 ಡಿಗ್ರಿ. 1 ಡಿಗ್ರಿ ತಪ್ಪಿದರೆ ಸುಮಾರು ಒಂದೂವರೆ ಡೆಸಿಬೆಲ್ ನಷ್ಟ, 2 ಡಿಗ್ರಿ ತಪ್ಪಿದರೆ ಐದಾರು ಡೆಸಿಬೆಲ್. 50 ಮಿ.ಮೀ. ದಪ್ಪದ ಕಂಬದ ಮೈಮೇಲೆ ಆ 1 ಡಿಗ್ರಿ ಅಂದರೆ ಅರ್ಧ ಮಿಲಿಮೀಟರ್‌ಗೂ ಕಡಿಮೆ. ಕ್ಲಾಂಪ್ ಬಿಗಿ ಮಾಡುವಾಗ ಅಷ್ಟು ಜರುಗುವುದು ಲೆಕ್ಕಕ್ಕೇ ಬರುವುದಿಲ್ಲ ಅನ್ನಿಸುತ್ತದೆ, ಆದರೆ ಮುಂದಿನ ಮಳೆಯಲ್ಲಿ ಬರುತ್ತದೆ.

1. ಕಂಬ ನೆಟ್ಟಗಿದೆಯೇ ನೋಡಿ. ಸ್ಪಿರಿಟ್ ಲೆವೆಲ್ಲನ್ನು ಒಂದು ಬದಿಗೂ ಅದಕ್ಕೆ 90 ಡಿಗ್ರಿಯ ಇನ್ನೊಂದು ಬದಿಗೂ ಹಿಡಿಯಿರಿ. ಕಂಬ ವಾಲಿದ್ದರೆ ಬ್ರಾಕೆಟ್ ಮೇಲಿನ ಡಿಗ್ರಿ ಗುರುತುಗಳೆಲ್ಲ ಸುಳ್ಳಾಗುತ್ತವೆ.
2. ಈಗಿರುವ ಜಾಗವನ್ನು ಕಂಬ, ಬ್ರಾಕೆಟ್ ಎರಡರ ಮೇಲೂ ಮಾರ್ಕರ್‌ನಿಂದ ಗೆರೆ ಎಳೆದು ಗುರುತಿಸಿ. ಏನೂ ಆಗದಿದ್ದರೆ ಮೊದಲಿನ ಜಾಗಕ್ಕಾದರೂ ಮರಳಬಹುದು.
3. ನಿಮ್ಮ ಊರಿಗೂ ನಿಮ್ಮ ಉಪಗ್ರಹಕ್ಕೂ ಹೊಂದುವ ಎತ್ತರದ ಕೋನ, ದಿಕ್ಕಿನ ಕೋನ, ಎಲ್‌ಎನ್‌ಬಿ ಓರೆ (ಅದನ್ನು ತನ್ನ ಹಿಡಿಕೆಯಲ್ಲಿ ಎಷ್ಟು ತಿರುಗಿಸಿಡಬೇಕು ಎಂಬುದು) ಈ ಮೂರು ಅಂಕಿ ತೆಗೆದುಕೊಳ್ಳಿ. ಎತ್ತರವನ್ನು ಬ್ರಾಕೆಟ್ ಗುರುತಿಗೆ ಇಟ್ಟು ಅರೆಬಿಗಿ ಮಾಡಿ.
4. ಮೆನುವಿನಲ್ಲಿ ಸಿಗ್ನಲ್ ಪುಟ ತೆರೆದು ಒಬ್ಬರು ಕ್ವಾಲಿಟಿ ಓದುತ್ತ ಫೋನಿನಲ್ಲಿ ಹೇಳಲಿ. ಡಿಶ್ಶನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೊಂದೇ ಡಿಗ್ರಿ ತಿರುಗಿಸಿ, ಪ್ರತಿ ಸಲ 4–5 ಸೆಕೆಂಡ್ ನಿಲ್ಲಿ. ಬಾಕ್ಸ್ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು. ಅವಸರದಲ್ಲಿ ತಿರುಗಿಸುವವರು ಉಪಗ್ರಹವನ್ನು ದಾಟಿ ಹೋಗಿಬಿಡುತ್ತಾರೆ.
5. ಕ್ವಾಲಿಟಿ ಬಂದ ಮೇಲೆ ಎಡಕ್ಕೆ ತಿರುಗಿಸುತ್ತ ಹೋಗಿ ಅದು ಬೀಳುವ ಜಾಗ ಗುರುತಿಸಿ, ಬಲಕ್ಕೂ ಹಾಗೆಯೇ. ಎರಡರ ನಟ್ಟನಡುವೆ ನಿಲ್ಲಿಸಿ. ಅತಿ ಹೆಚ್ಚು ಅಂಕಿ ಎಲ್ಲಿ ಎಂದು ಹುಡುಕುವುದಕ್ಕಿಂತ ಇದು ನಿಖರ. ಎತ್ತರಕ್ಕೂ, ಎಲ್‌ಎನ್‌ಬಿ ತಿರುಗಿಸುವುದಕ್ಕೂ ಇದೇ ಕ್ರಮ.
6. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕ್ವಾಲಿಟಿ ಮೇಲೆ ಕಣ್ಣಿರಲಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆ ಎಳೆಯುತ್ತದೆ.

ಪಟ್ಟಿ 100ಕ್ಕೆ ಅಂಟಿ ನಿಂತು ಸಣ್ಣ ವ್ಯತ್ಯಾಸ ತೋರಿಸದಿದ್ದರೆ ಒದ್ದೆ ಬಟ್ಟೆಯನ್ನು ಎಲ್‌ಎನ್‌ಬಿಯ ಮುಖಕ್ಕೆ ಹೊದಿಸಿ. ಸಿಗ್ನಲ್ ಇಳಿಯುತ್ತದೆ, ಆಗ ಒಳ್ಳೆಯ ಜಾಗ ಎದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಬಟ್ಟೆ ತೆಗೆಯಲು ಮರೆಯಬೇಡಿ.

ದಿಕ್ಸೂಚಿ ಬಳಸುವುದಾದರೆ ಕಬ್ಬಿಣದ ಕಂಬದಿಂದ ಎರಡು ಮೀಟರ್ ದೂರ ನಿಂತು ನೋಡಿ. ಅದು ತೋರಿಸುವುದು ಕಾಂತೀಯ ಉತ್ತರ. ನಿಜವಾದ ಉತ್ತರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಊರಿನಿಂದ ಊರಿಗೆ ಬೇರೆ. ವೃತ್ತಾಕಾರದ ಧ್ರುವೀಕರಣದಲ್ಲಿ, ಅಂದರೆ ಲಂಬ, ಅಡ್ಡ ಎಂದಿರದೆ ತಿರುಗುತ್ತ ಬರುವ ತರಂಗಗಳಲ್ಲಿ ಬರುವ ಪ್ರಸಾರಕ್ಕೆ ಎಲ್‌ಎನ್‌ಬಿ ಓರೆ ಮಾಡುವ ಅಗತ್ಯವಿಲ್ಲ.

ಕ್ವಾಲಿಟಿ 80 ಬಂತು, ಆದರೆ ನಮ್ಮ ಚಾನೆಲ್ ಒಂದೂ ಇಲ್ಲ!

ಪಕ್ಕದ ಉಪಗ್ರಹ ಸಿಕ್ಕಿದೆ. ಅವು ಆಕಾಶದಲ್ಲಿ ಕೆಲವೇ ಡಿಗ್ರಿ ಅಂತರದಲ್ಲಿ ಸಾಲಾಗಿ ಕೂತಿರುತ್ತವೆ, ಒಂದೇ ಫ್ರೀಕ್ವೆನ್ಸಿಯನ್ನು ಎರಡು ಉಪಗ್ರಹಗಳು ಬಳಸುವುದೂ ಇದೆ. ಕೇಬಲ್ ನಡುವೆ ಹಾಕುವ, ಸಿಗ್ನಲ್ ಸಿಕ್ಕಾಗ ಕೂಗುವ ಸಣ್ಣ ಸ್ಯಾಟ್‌ಫೈಂಡರ್ ಕೂಡ ಯಾವ ಉಪಗ್ರಹಕ್ಕಾದರೂ ಕೂಗುತ್ತದೆ. ನಿಮ್ಮ ಉಪಗ್ರಹದಲ್ಲಿ ಮಾತ್ರ ಇರುವ ಒಂದು ಫ್ರೀಕ್ವೆನ್ಸಿಯನ್ನು ಆರಿಸಿ ಹುಡುಕಿ, ಚಾನೆಲ್ ಹೆಸರು ನೋಡಿ ಖಚಿತಪಡಿಸಿಕೊಳ್ಳಿ.

ಎದುರಿನ ಮರ, ಕಟ್ಟಡ ಅಡ್ಡವಾಗುತ್ತದೆಯೇ?

ಡಿಶ್‌ನ ನೋಟ ನಿಮ್ಮ ಕಣ್ಣಿಗೆ ಕಾಣುವುದಕ್ಕಿಂತ ಮೇಲಕ್ಕಿದೆ. ಮನೆಗಳಲ್ಲಿರುವ ಆಫ್‌ಸೆಟ್ ಡಿಶ್ ನೆಟ್ಟಗೆ ನಿಂತಂತೆ ಕಂಡರೂ ಅದು 20–25 ಡಿಗ್ರಿ ಮೇಲೆ ನೋಡುತ್ತಿರುತ್ತದೆ. ಎತ್ತರದ ಕೋನ 45 ಡಿಗ್ರಿ ಇದ್ದರೆ 10 ಮೀಟರ್ ದೂರದ ಮರ ಡಿಶ್‌ಗಿಂತ 10 ಮೀಟರ್ ಎತ್ತರ ಬೆಳೆಯುವವರೆಗೆ ಅಡ್ಡವಿಲ್ಲ. 30 ಡಿಗ್ರಿಗೆ 5.8 ಮೀಟರ್, 60 ಡಿಗ್ರಿಗೆ 17 ಮೀಟರ್. ಇದರಲ್ಲಿ ಒಂದೆರಡು ಮೀಟರ್ ಕಡಿಮೆಯೇ ಹಿಡಿಯಿರಿ. ಎಲೆ ಚಿಗುರಿದಾಗ, ಅದರಲ್ಲೂ ಒದ್ದೆಯಾದಾಗ ಮರ ಗೋಡೆಯಂತೆಯೇ. ಬೇಸಿಗೆಯಲ್ಲಿ ಚೆನ್ನಾಗಿದ್ದು ಮಳೆಗಾಲದ ಶುರುವಿನಿಂದ ಹಾಳಾದ ಸಿಗ್ನಲ್‌ಗೆ ಇದೂ ಒಂದು ಕಾರಣ. ಕಿಟಕಿ ಗಾಜಿನ ಒಳಗೆ ಡಿಶ್ ಇಡುವ ಯೋಚನೆ ಬಿಡಿ.

ಡಿಶ್ ಸೊಟ್ಟಗಾಗಿದೆಯೇ ಎಂದು ತಿಳಿಯುವುದು ಹೇಗೆ?

ಅಂಚಿನಿಂದ ಅಂಚಿಗೆ ಎರಡು ದಾರಗಳನ್ನು ಪ್ಲಸ್ ಗುರುತಿನಂತೆ ಬಿಗಿಯಾಗಿ ಕಟ್ಟಿ. ನಡುವೆ ದಾರಗಳು ಒಂದನ್ನೊಂದು ಸವರುವಂತಿರಬೇಕು. ಅಂತರ ಕಂಡರೆ, ಅಥವಾ ಒಂದು ಇನ್ನೊಂದನ್ನು ಒತ್ತುತ್ತಿದ್ದರೆ ಡಿಶ್ ತಿರುಚಿದೆ. ಮೇಲ್ಮೈಯ ಸಣ್ಣ ತುಕ್ಕಿನ ಚುಕ್ಕಿಗೆ ಹೆದರಬೇಕಿಲ್ಲ. ಬಣ್ಣ ಬಳಿಯುವುದಾದರೆ ಹೊಳಪಿಲ್ಲದ್ದು, ತೆಳ್ಳಗೆ. ಹೊಳಪಿನ ಬಣ್ಣ ಬಿಸಿಲನ್ನೂ ಎಲ್‌ಎನ್‌ಬಿ ಮೇಲೆ ಕೇಂದ್ರೀಕರಿಸುತ್ತದೆ.

ಎಲ್‌ಎನ್‌ಬಿ ಹೋಗಿದೆ ಎಂದು ಹೇಗೆ ಗೊತ್ತಾಗುತ್ತದೆ?

ಮುಖದ ಪ್ಲಾಸ್ಟಿಕ್ ಮುಚ್ಚಳ ನೋಡಿ. ಬಿಸಿಲಿಗೆ ಬಿರುಕು ಬಿಟ್ಟು ನೀರು ಇಳಿದಿರುತ್ತದೆ, ಕೆಲವೊಮ್ಮೆ ಕಣಜದ ಗೂಡು ಕಟ್ಟಿರುತ್ತದೆ. ಮಧ್ಯಾಹ್ನದ ಬಿಸಿಯಲ್ಲೋ ಬೆಳಗಿನ ಚಳಿಯಲ್ಲೋ ಮಾತ್ರ ಕೆಲವು ಚಾನೆಲ್ ಹೋಗಿ, ಬೇರೆ ಹೊತ್ತು ಸರಿ ಇದ್ದರೆ ಒಳಗಿನ ಆಸಿಲೇಟರ್ (ಫ್ರೀಕ್ವೆನ್ಸಿಯಿಂದ ಕಳೆಯುವ ಆ ಅಂಕಿಯನ್ನು ಹುಟ್ಟಿಸುವ ಭಾಗ) ತಾಪಕ್ಕೆ ಜಾರುತ್ತಿದೆ. ಕಡಿಮೆ ಸಿಂಬಲ್ ರೇಟ್‌ನ, ಅಂದರೆ ಕಿರಿದಾದ ಫ್ರೀಕ್ವೆನ್ಸಿ ಜಾಗದಲ್ಲಿ ಬರುವ ಚಾನೆಲ್‌ಗಳು ಮೊದಲು ಬೀಳುತ್ತವೆ. ರಿಪೇರಿ ಮಾಡುವ ವಸ್ತುವಲ್ಲ, ಬದಲಿಸಿ. 0.1 ಡೆಸಿಬೆಲ್ ನಾಯ್ಸ್ ಎಂದು ದೊಡ್ಡದಾಗಿ ಬರೆದಿದ್ದನ್ನು ನೋಡಿ ಮರುಳಾಗಬೇಡಿ. ಮುಚ್ಚಳ, ಸೀಲ್ ಗಟ್ಟಿಯಾಗಿವೆಯೇ ನೋಡಿ ಕೊಳ್ಳಿ.

ಸಿಗ್ನಲ್ ಬೂಸ್ಟರ್ ಹಾಕಿದರೆ ಸರಿಹೋಗುತ್ತದೆಯೇ?

ಬೂಸ್ಟರ್ ಗದ್ದಲವನ್ನೂ ಅಷ್ಟೇ ಹೆಚ್ಚಿಸುತ್ತದೆ. ಸ್ಟ್ರೆಂತ್ ಏರುತ್ತದೆ, ಕ್ವಾಲಿಟಿ ಇದ್ದಲ್ಲೇ. 40–50 ಮೀಟರ್‌ಗಿಂತ ಉದ್ದದ ಕೇಬಲ್ ಇದ್ದಾಗ ಮಾತ್ರ ಉಪಯೋಗ, ಆಗಲೂ ಎಲ್‌ಎನ್‌ಬಿ ಹತ್ತಿರ ಹಾಕಬೇಕು, ಟಿವಿ ಹತ್ತಿರ ಅಲ್ಲ.

ಒಂದೇ ಡಿಶ್‌ನಿಂದ ಎರಡು ಟಿವಿ?

ಒಂದು ಕೇಬಲ್ ಸೀಳಿ ಸ್ಪ್ಲಿಟರ್ ಹಾಕಿದರೆ ಎರಡು ಬಾಕ್ಸ್‌ಗಳು ಜಗಳವಾಡುತ್ತವೆ: ಒಂದು 13 ವೋಲ್ಟ್ ಕೊಟ್ಟರೆ ಇನ್ನೊಂದು 18 ಕೊಡುತ್ತದೆ, ಎಲ್‌ಎನ್‌ಬಿ 18ರ ಮಾತು ಕೇಳುತ್ತದೆ. ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿ ಎರಡು ಕೇಬಲ್ ಎಳೆಯಿರಿ. ಹಳೆಯ ಕೇಬಲ್ ಟಿವಿಯ ಸ್ಪ್ಲಿಟರ್ 1,000 ಮೆಗಾಹರ್ಟ್ಸ್‌ಗೇ ಮುಗಿಯುತ್ತದೆ, ಇಲ್ಲಿ ಬರುವುದು 2,150ರವರೆಗೆ. ಎರಡು ಡಿಶ್ ಸೇರಿಸುವ ಡೈಸೆಕ್ ಸ್ವಿಚ್ ಇದ್ದರೆ ಮೆನುವಿನ ಎ, ಬಿ ಪೋರ್ಟ್ ಅದರ ಮೇಲಿನ ಅಂಕಿಗೆ ಹೊಂದಿದೆಯೇ ನೋಡಿ. ಈ ಸ್ವಿಚ್ಚನ್ನು ಬಯಲಲ್ಲಿ ತೂಗುಹಾಕಿದ್ದರೆ ಮುಂದಿನ ದೋಷ ಅಲ್ಲೇ ಹುಟ್ಟುತ್ತದೆ.

ಮೋಡವಿಲ್ಲ, ಮಳೆಯಿಲ್ಲ, ದಿನಾ ಒಂದೇ ಹೊತ್ತಿಗೆ ಕೆಲವು ನಿಮಿಷ ಹೋಗುತ್ತದೆ.

ಮಾರ್ಚ್ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಆಸುಪಾಸು ಆಗಿದ್ದರೆ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುತ್ತಿದ್ದಾನೆ. ಅವನ ರೇಡಿಯೊ ಗದ್ದಲದಲ್ಲಿ ಉಪಗ್ರಹ ಮುಳುಗುತ್ತದೆ. ಉತ್ತರ ಗೋಳಾರ್ಧದಲ್ಲಿ ಇದು ಮಾರ್ಚ್‌ನ ವಿಷುವಕ್ಕೆ (ಹಗಲು ರಾತ್ರಿ ಸಮ ಇರುವ ದಿನ) ಮುಂಚೆ, ಸೆಪ್ಟೆಂಬರ್ ವಿಷುವದ ನಂತರ, ದಕ್ಷಿಣದಲ್ಲಿ ಅದಲುಬದಲು. ಕೆಲವು ದಿನಗಳಲ್ಲಿ ತಾನೇ ನಿಲ್ಲುತ್ತದೆ. ಏನೂ ಮಾಡಬೇಡಿ.

ಫೋನ್ ಹತ್ತಿರ ಇಟ್ಟರೆ ಚಿತ್ರ ಒಡೆಯುತ್ತದೆ. ಭ್ರಮೆಯೇ?

ಅಲ್ಲ. ಕೇಬಲ್‌ನಲ್ಲಿ ಹರಿಯುವುದು 950–2,150 ಮೆಗಾಹರ್ಟ್ಸ್. ಕಾರ್ಡ್‌ಲೆಸ್ ಫೋನ್‌ಗಳ 1,880–1,900 ಮತ್ತು ಮೊಬೈಲ್‌ನ 1,800, 2,100ರ ಬ್ಯಾಂಡ್‌ಗಳು ಅದರೊಳಗೇ ಬರುತ್ತವೆ. ಜಾಲರಿ ಗಟ್ಟಿಯಾಗಿರುವ ಕೇಬಲ್‌ನೊಳಕ್ಕೆ ಅವು ನುಗ್ಗಲಾರವು. ಕಳಪೆ ಕನೆಕ್ಟರ್, ತೆಳು ಜಾಲರಿಯ ಗಿಡ್ಡ ಕೇಬಲ್ ತುಂಡು ಎಲ್ಲಿದೆ ಹುಡುಕಿ ಬದಲಿಸಿ.

ಮಹಡಿ ಹತ್ತುವ ಮುನ್ನ?

ಹತ್ತಿರದಲ್ಲಿ ಕರೆಂಟ್ ತಂತಿ ಹಾದುಹೋಗಿದ್ದರೆ ಕಬ್ಬಿಣದ ಏಣಿ, ಉದ್ದ ಪೈಪ್ ಒಯ್ಯಬೇಡಿ. ಗುಡುಗು ಕೇಳಿಸಿದರೆ ಇಳಿದುಬಿಡಿ. ಒದ್ದೆ ಶೀಟಿನ ಮೇಲೆ, ಇಳಿಜಾರಿನ ಹೆಂಚಿನ ಮೇಲೆ ಒಬ್ಬರೇ ಹತ್ತಬೇಡಿ. ಗಾಳಿ ಜೋರಿದ್ದಾಗ ಬಿಚ್ಚಿದ ಡಿಶ್ ಕೈಯಿಂದ ಹಾರುತ್ತದೆ.

ಫ್ಯಾಕ್ಟರಿ ರೀಸೆಟ್ ಮಾಡಲೇ?

ಕ್ವಾಲಿಟಿ ಪಟ್ಟಿ ಸೊನ್ನೆ ಇರುವಾಗ ಬೇಡ. ಬಾಕ್ಸ್ ಇದ್ದ ಚಾನೆಲ್ ಪಟ್ಟಿ ಅಳಿಸಿ ಹೊಸದಾಗಿ ಹುಡುಕಲು ಹೋಗುತ್ತದೆ, ಸಿಗ್ನಲ್ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಮಾಡಲೇಬೇಕಾದರೆ ಎಲ್‌ಎನ್‌ಬಿ, ಉಪಗ್ರಹ, ಪೋರ್ಟ್ ಸೆಟ್ಟಿಂಗ್ ಪುಟಗಳ ಫೋಟೊ ಮೊದಲು ತೆಗೆದಿಡಿ.